ಹಿಂದುಮುಂದಾದ ಪಟ್ಟಿಗಳು

ಉಗಾರ ಖುರ್ದದ ಶಾಂತಿನಾಥನ ಟ್ರ್ಯಾಕ್ಟರ್ ಟೈರಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ಹೆಂಡತಿ ಮನಿಷಾ ಯುದ್ಧದ ಗಾಡಿ ಮಾಡುತ್ತಾಳೆ. ಗಾಬರಿಯಾಗಬೇಡಿ, ಅಂಗೈಯಲ್ಲಿ ಕೂರುವಷ್ಟು ಗಾಡಿ. ಎರಡನೇ ಮಹಾಯುದ್ಧದಲ್ಲಿ ನೀರಿನಲ್ಲಿ ತೇಲಿ, ದಂಡೆ ಹತ್ತಿ, ನೆಲದ ಮೇಲೂ ಓಡುತ್ತಿದ್ದ, ಟ್ಯಾಂಕಿನಂತೆ ಗಾಲಿಗೆ ಸರಪಳಿ ಸುತ್ತಿದ ಗಾಡಿಗಳ ಚಿಕ್ಕ ನಮೂನೆಗಳವು. ಮೇಜಿನ ಮೇಲೆ ಯುದ್ಧದಾಟ ಆಡುವ ಪುಣೆಯ ಮಂಡಳಿಯೊಂದಕ್ಕೆ ಮೂರು ಬಗೆ ಬೇಕಿತ್ತು: ಮಂದಿ ಹೊರುವ ತೆರೆದ ಗಾಡಿ, ಹಿಂಬಾಗಿಲು ಕೆಳಗೆ ಬೀಳುವ ಗಾಡಿ, ತೋಪಿನ ಗಾಡಿ. ಇಷ್ಟು ದಿನ ಬೇರೆಯವರ ಕಿಟ್‌ಗಳಿಗೆ ಬಣ್ಣ ಬಳಿದವಳ ಹೆಸರು ಮೊದಲ ಸಲ ಡಬ್ಬಿಯ ಮೇಲೆ ಅಚ್ಚಾಗುವುದಿತ್ತು. ಅದಕ್ಕಾಗಿ ಜೀವ ತೇಯ್ದಿದ್ದಳು ಪುಣ್ಯಾತ್ಗಿತ್ತಿ.

ಅತ್ತೆ ಅಕ್ಕುತಾಯಿಗೆ ಇದು ಸೇರದು. ಇರುವೆ ಕಂಡರೆ ಕಾಲೆತ್ತಿ ದಾಟುವ ಜೈನರ ಮನೆಯಲ್ಲಿ ತೋಪು ಯಾಕೆ ಎಂದು ದಿನವೂ ಗೊಣಗುತ್ತಿದ್ದರು. ಸೊಸೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು.

ಪುಣೆಯವರು ಫೋಟೋ ನೋಡಿ ಒಪ್ಪಿದರು. ಮರುದಿನದ ಬಸ್ಸಿಗೆ ಹಾಕಬೇಕು, ತಪ್ಪಿದರೆ ಪ್ರದರ್ಶನಕ್ಕೆ ಬೇರೆಯವರ ಕಿಟ್ ಇಡುತ್ತೇವೆ ಎಂದರು. ಮನಿಷಾ ಮಿಕ್ಕ ಸರಪಳಿಯ ತುಂಡೊಂದನ್ನು ಬಕೆಟ್ಟಿನಲ್ಲಿ ತೊಳೆಯುವಾಗ ಗಾಡಿಯಲ್ಲಿ ತಿರುಗುವ ದಿಕ್ಕಿಗೇ ನೀರೊಳಗೆ ಎಳೆದು ನೋಡಿದಳು. ನೀರು ಹಿಡಿಯಲೇ ಇಲ್ಲ. ತಿರುಗಿಸಿ ಎಳೆದಳು, ಹಿಡಿಯಿತು. ಮೂರೂ ಗಾಡಿ ತಂದು ನೋಡಿದಳು, ಎಲ್ಲ ಪಟ್ಟಿಯೂ ಹಿಂದುಮುಂದು.

ಸರಪಳಿಯ ಮೇಲಿನ ಬಟ್ಟಲಿನಂಥ ಪಟ್ಟಿಗಳು ನೀರನ್ನು ಬಾಚಿ ಹಿಂದಕ್ಕೆ ತಳ್ಳಬೇಕು. ಆದರೆ ಇವಳು ಟೈರಿನ ಅಂಗಡಿಯವಳು ನೋಡಿ! ಟ್ರ್ಯಾಕ್ಟರ್ ಟೈರಿನ ಹಲ್ಲಿನ ಮೊನೆ ಮೊದಲು ನೆಲ ಮುಟ್ಟಬೇಕು, ಆಗಲೇ ಕಬ್ಬಿನ ಹೊಲದ ಕೆಸರು ಆಚೀಚೆ ಜಾರುತ್ತದೆ. ಅದೇ ರೂಢಿಯಲ್ಲಿ, ಬಟ್ಟಲಿನ ಬಾಯಿಯ ಬದಲು ಬೆನ್ನು ನೀರಿಗೆ ತಾಗುವಂತೆ, ಮೂರೂ ಗಾಡಿಗೆ ಪಟ್ಟಿ ಕೂರಿಸಿದ್ದಳು. ಕೆಸರು ಜಾರಬೇಕು ನಿಜ, ನೀರು ಜಾರಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಕಡಲೆಬೇಳೆಯಷ್ಟೂ ಇಲ್ಲದ ಪಟ್ಟಿಯನ್ನು ಯಾರು ನೋಡುತ್ತಾರೆ, ಕೀಳಲು ಹೋಗಿ ಇದ್ದದ್ದೂ ಮುರಿದೀತು ಎಂದ ಶಾಂತಿನಾಥ. ಅವನ ಮಾತೂ ಸುಳ್ಳಲ್ಲ.

"ಡಬ್ಬಿ ಮ್ಯಾಲ ನನ್ನ ಹೆಸರು ಬರ್ತೈತ್ರಿ. ಕೀಳ್ತೀನಿ," ಎಂದಳು ಮನಿಷಾ.

ಮೊದಲ ಪಟ್ಟಿಯೇ ಮುರಿಯಿತು. ಎರಡನೆಯದಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಅಕ್ಕುತಾಯಿ ಕೌದಿ ಹೊಲಿಯುವ ಸೂಜಿ ಹಿಡಿದು ಎದುರಿಗೆ ಬಂದು ಕೂತರು. ಬೈಯಲು ಬಂದರೆಂದೇ ಸೊಸೆ ತಿಳಿದಳು.

"ಹೊಳಿ ಮಹಾಪೂರದಾಗ ನಡುನೀರಾಗ ನಮ್ಮ ಬೋಟ್ ಬಂದ್ ಬಿದ್ದಿತ್ತು," ಎಂದರು ಅಕ್ಕುತಾಯಿ. "ಅದರಾಗ ಕುಂತ ಜೀವದ ಸಂಕಟ ನನಗ ಗೊತ್ತೈತಿ. ನಿಲ್ಲೂ ಗಾಡಿ ಕಳಸಬ್ಯಾಡವಾ."

ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಮನೆ ಅದು. ಅತ್ತೆ ಸೂಜಿಯ ಮೊನೆಯಿಂದ ಪಟ್ಟಿ ಎಬ್ಬಿಸುವುದು, ಸೊಸೆ ತಿರುಗಿಸಿ ಅಂಟಿಸುವುದು, ಈ ಗದ್ದಲದಲ್ಲಿ ಹೊತ್ತು ಮುಳುಗಿದ್ದು ಇಬ್ಬರಿಗೂ ತಿಳಿಯಲಿಲ್ಲ. ಅತ್ತೆ ಸೊಸೆ ಉಪವಾಸವೇ ಮಲಗಿದರು. ಬೆಳಗಿನ ಬಸ್ಸಿಗೆ ಮೂರೂ ಗಾಡಿ ಹೋದವು.

ಡಬ್ಬಿಯ ಮೇಲೆ ಯಾವ ಹೆಸರು ಹಾಕಲಿ ಎಂದು ಪುಣೆಯಿಂದ ಫೋನ್ ಬಂತು. ತನ್ನ ಹೆಸರಿನ ಜೊತೆ ಅತ್ತೆಯ ಹೆಸರನ್ನೂ ಹೇಳಿದಳು ಮನಿಷಾ. ಅಕ್ಕುತಾಯಿ ಒಳಗಿನಿಂದಲೇ ತಡೆದರು.

"ತೋಪಿನ ಗಾಡಿಗೆ ಬ್ಯಾಡ. ಮಂದಿ ಕುಂದ್ರೂ ಗಾಡಿಗಷ್ಟ ನನ್ನ ಹೆಸರು ಹಾಕಸು."