ತುಳಸಾಬಾಯಿಯವರು ಇಥಿಯೋಪಿಯಾಕ್ಕೆ ಹೋದದ್ದು

ತುಳಸಾಬಾಯಿಯವರು ಇಥಿಯೋಪಿಯಾಕ್ಕೆ ಯಾಕೆ ಹೋದರು ಎಂದು ಗದಗ-ಬೆಟಗೇರಿಯಲ್ಲಿ ಯಾರನ್ನು ಕೇಳಿದರೂ ಒಂದೊಂದು ಕಾರಣ ಸಿಗುತ್ತಿತ್ತು. ಮದುವೆ ಕೂಡಿಬರಲಿಲ್ಲ ಎಂದು ಕೆಲವರು, ಅತ್ತಿಗೆಯ ಕಾಟ ಎಂದು ಕೆಲವರು, ಅಲ್ಲಿ ಪಗಾರ ಹೆಚ್ಚಂತೆ ಎಂದು ಉಳಿದವರು. ಎಲ್ಲ ಬರೀ ಸುಳ್ಳು. ನಿಜವಾದ ಕಾರಣ ದಿನಾ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತ ಕುಳಿತಿರುತ್ತಿತ್ತು. ಅದು ನಮ್ಮಪ್ಪ.

ನಮ್ಮಪ್ಪ ಅಂದಾನಪ್ಪನವರು ಅರಳೆ ವ್ಯಾಪಾರಿ, ಹೆಣ್ಣುಮಕ್ಕಳ ಶಾಲೆಯ ಕಮಿಟಿಗೆ ಚೇರಮನ್ನರು. ಕೆಟ್ಟವರಲ್ಲ, ಶಾಲೆಗೆ ಜಾಗ ಕೊಟ್ಟವರೇ ಅವರು. ಆದರೆ ಹುಡುಗಿಯರಿಗೆ ಗಣಿತ ಬೇಡ ಎಂಬುದು ಅವರ ತಲೆಯಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿತ್ತು. ಮೇಲಿನ ಇಯತ್ತೆಗಳಲ್ಲಿ ನಮಗೆ ಗಣಿತದ ಬದಲು ಹೊಲಿಗೆ.

ತುಳಸಾಬಾಯಿಯವರು ಲಕ್ಕುಂಡಿಯ ಪೂಜಾರಿಕೆ ಮನೆತನದವರು. ತಂದೆ ಮಾರ್ತಾಂಡಭಟ್ಟರು ಮಗಳನ್ನು ಊರ ಬಾವಿಯ ಮೆಟ್ಟಿಲ ಮೇಲೆ ಕೂರಿಸಿ ಮಗ್ಗಿ ಹೇಳಿಸಿದ್ದರಂತೆ. ಬಾಯಿಯವರು ಧಾರವಾಡದಲ್ಲಿ ಗಣಿತ ಓದಿ ಬಿ.ಎಸ್ಸಿ. ಮಾಡಿಕೊಂಡು ಬಂದರೆ ನಮ್ಮ ಶಾಲೆ ಅವರ ಕೈಗೆ ಸೂಜಿ-ದಾರ ಕೊಟ್ಟಿತು. ಗಣಿತದ ತರಗತಿ ಕೊಡಿ ಎಂದು ಮೂರು ಸಲ ಅರ್ಜಿ ಹಾಕಿದರು. ಮೂರು ಸಲವೂ ಅಪ್ಪನದು ಒಂದೇ ಉತ್ತರ: "ಮುಂದ ನೋಡೋಣ್ರಿ."

ಬಾಯಿಯವರು ಸುಮ್ಮನೆ ಕೂರುವ ಜಾತಿಯಲ್ಲ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಣಿತ ಕಲಿಸಲು ಅವರಿಗೆ ಅಷ್ಟೇ ಸಾಕಾಯಿತು. ನಾನು ಒಂಬತ್ತನೇ ಇಯತ್ತೆಯಲ್ಲಿದ್ದೆ. ನಾನು ಹಾಕಿದ ಗೋಪುರ ಸೊಟ್ಟಗಾದರೆ, "ನೀಲಗಂಗಾ, ಯಾಕ ಸೊಟ್ಟಾತು ಹೇಳು, ಆಮ್ಯಾಲೆ ಬಿಚ್ಚು," ಎನ್ನುತ್ತಿದ್ದರು. ಕಾರಣ ಹೇಳದೆ ಒಂದು ಎಳೆಯನ್ನೂ ಬಿಚ್ಚಗೊಡುತ್ತಿರಲಿಲ್ಲ. ಆರು ತಿಂಗಳಲ್ಲಿ ನಾವು ರೇಖಾಗಣಿತ ಕಲಿತಿದ್ದೆವು, ಬಳಪ ಮುಟ್ಟದೆ.

೧೯೫೬ರ ನವೆಂಬರಿನಲ್ಲಿ ಕನ್ನಡ ನಾಡು ಒಂದಾಯಿತು. ಶಾಲೆಯಲ್ಲಿ ದೊಡ್ಡ ಸಮಾರಂಭ. ಧಾರವಾಡದಿಂದ ಬಂದ ಅತಿಥಿಗಳಿಗೆ ಕೊಡಲು ನಾನೊಂದು ವಸ್ತ್ರಕ್ಕೆ ಕಸೂತಿ ಹಾಕಿದ್ದೆ. ಅಪ್ಪ ಅದನ್ನು ಎತ್ತಿ ಹಿಡಿದು, "ನೋಡ್ರಿ, ನಮ್ಮ ಲಕ್ಕುಂಡಿ ಗುಡಿ," ಎಂದರು. ನನಗೆ ತಡೆಯಲಾಗಲಿಲ್ಲ.

"ಗುಡಿ ಅಲ್ರೀ ಅಪ್ಪಾ, ಪ್ರಮೇಯ ಐತಿ. ನಡುವ ಒಂದು ಲಂಬಕೋನ ತ್ರಿಕೋನ, ಅದರ ಮೂರೂ ಬಾಜೂಕ ಚೌಕ. ಸಣ್ಣ ಚೌಕದಾಗ ಅಂಥಾವ ಎರಡೆರಡು ತ್ರಿಕೋನ, ದೊಡ್ಡದರಾಗ ನಾಕು. ಎರಡು ಸಣ್ಣವು ಕೂಡಿದ್ರ ದೊಡ್ಡದಾತು. ಎಣಿಸಿ ನೋಡ್ರಿ."

ಅತಿಥಿಗಳು ಬೆರಳಿಟ್ಟು ಎಣಿಸಿದರು. ಲೆಕ್ಕ ಸರಿಹೋಯಿತು. "ನಿಮಗ ಗಣಿತ ಯಾರು ಕಲಸ್ತಾರವಾ?" ಎಂದರು.

"ಗಣಿತಕ್ಕ ಯಾರೂ ಇಲ್ರಿ. ಇದು ಹೊಲಿಗಿ ಬಾಯಾರು ಕಲಿಸಿದ್ದು."

ಸಭೆ ನಕ್ಕಿತು. ಅಪ್ಪನ ಮುಖ ಕೆಂಪಾಯಿತು.

ಮರುದಿನ ಬಾಯಿಯವರನ್ನು ಮನೆಗೆ ಕರೆಸಿದರು. ನಾನು ಚಹಾ ತಂದವಳು ಬಾಗಿಲಲ್ಲೇ ನಿಂತೆ. ಅಪ್ಪ ನೇರವಾಗಿ ಕೇಳಿದರು: "ಹುಡುಗ್ಯಾರಿಗೆ ಸೂಜಿ ಸಾಕ್ರಿ ಬಾಯಾರ. ಬರೇ ಹೊಲಿಗಿ ಕಲಸ್ತೀರೋ, ಬ್ಯಾರೆ ಕಡೆ ನೋಡ್ಕೋತೀರೋ?"

"ನೋಡ್ಕೊಂಡೇನ್ರಿ," ಎಂದು ಬಾಯಿಯವರು ಚೀಲದಿಂದ ಒಂದು ಪತ್ರ ತೆಗೆದಿಟ್ಟರು. ಇಥಿಯೋಪಿಯಾದ ಶಾಲೆಗಳಿಗೆ ನಮ್ಮ ದೇಶದ ಮಾಸ್ತರರನ್ನು ಆರಿಸುತ್ತಿದ್ದರು. ಬಾಯಿಯವರು ದೀಪಾವಳಿಗೂ ಮೊದಲೇ ಮುಂಬಯಿಗೆ ಹೋಗಿ ಪಾಸಾಗಿ ಬಂದಿದ್ದರು. ಹೋಗುವುದೋ ಬೇಡವೋ ಎಂಬುದಷ್ಟೇ ಬಾಕಿ ಇತ್ತು, ಅದನ್ನು ಅಪ್ಪನೇ ತೀರ್ಮಾನ ಮಾಡಿಕೊಟ್ಟರು.

ಅಪ್ಪ ಪೆಚ್ಚಾದರು. "ನಾಡು ಒಂದಾಗಿ ಹದಿನೈದು ದಿನ ಆಗಿಲ್ಲ, ನೀವು ನಾಡ ಬಿಟ್ಟು ಹೊಂಟ್ರಿ?"

"ನಾಡು ಒಂದಾತು, ಭಾಳ ಸಂತೋಷ್ರಿ ಅಂದಾನಪ್ಪನವರ. ಆದ್ರ ಇಷ್ಟು ದೊಡ್ಡ ನಾಡಿನಾಗ ನನಗೊಂದು ಗಣಿತದ ತರಗತಿ ಸಿಗಲಿಲ್ಲ. ಅಲ್ಲಿ ಸಿಗ್ತದ. ಹೋಗ್ತೀನಿ."

ಸ್ಟೇಶನ್ನಿಗೆ ಹೋದಾಗ ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು. "ನೀವೇನೋ ಹೊಂಟ್ರಿ ಬಾಯಾರ, ನಮ್ಮ ಗತಿ ಏನು?" ಎಂದೆ.

"ಅದನ್ನ ನಿಮ್ಮಪ್ಪಗ ಕೇಳು. ನಾಕು ಮಂದಿ ಮುಂದ ಮಾತಾಡ್ಲಿಕ್ಕೆ ನಿನಗ ಬರ್ತದಲ್ಲ."

ಕೇಳಿದೆ. ದಿನಾ ಅಪ್ಪ ಊಟಕ್ಕೆ ಕುಳಿತಾಗ, ರೊಟ್ಟಿ ಬಡಿಸುತ್ತ, ನಮಗೆ ಗಣಿತ ಯಾರು ಕಲಿಸುತ್ತಾರೆ ಎಂದು ಕೇಳಿದೆ. ಬೈದರು, ತಟ್ಟೆ ಸರಿಸಿ ಎದ್ದರು, ಎಂಟು ದಿನ ಮಾತು ಬಿಟ್ಟರು. ನಾನು ಬಿಡಲಿಲ್ಲ. ಮುಂದಿನ ಜೂನಿಗೆ ಶಾಲೆಯಲ್ಲಿ ಗಣಿತದ ತರಗತಿ ತೆರೆಯಿತು. ಅಪ್ಪ ತಾವೇ ಕುಳಿತು ಇಥಿಯೋಪಿಯಾಕ್ಕೆ ಪತ್ರ ಬರೆದರು: ಗಣಿತದ ಜಾಗ ಖಾಲಿ ಇದೆ, ದಯಮಾಡಿ ಬರಬೇಕು.

ಎರಡು ತಿಂಗಳಿಗೆ ಉತ್ತರ ಬಂತು. "ಇಲ್ಲಿ ವಾರಕ್ಕ ಇಪ್ಪತ್ತೆರಡು ತಾಸು, ಎಲ್ಲಾ ಗಣಿತ. ನನ್ನ ಹುಡುಗ್ಯಾರನ್ನ ನಡುವ ಬಿಟ್ಟು ಬರಲಿಕ್ಕೆ ಆಗೂದಿಲ್ರಿ. ನೀಲಗಂಗಾನ್ನ ಧಾರವಾಡಕ್ಕ ಕಳಸ್ರಿ. ಆಕಿ ಕಲಿತು ಬರೂ ತನಕ ಆ ಜಾಗಾ ಯಾರಿಗೂ ಕಾಯಂ ಮಾಡಬ್ಯಾಡ್ರಿ."

ಅಪ್ಪ ಮಾಡಲಿಲ್ಲ. ಕಮಿಟಿಯವರು ಎಷ್ಟು ಹೇಳಿದರೂ ಆರು ವರ್ಷ ಹಂಗಾಮಿ ಮಾಸ್ತರರಲ್ಲೇ ನಡೆಸಿದರು.

ನಾನು ಬಿ.ಎಸ್ಸಿ. ಮುಗಿಸಿ ಶಾಲೆಗೆ ಹೊರಟ ಮೊದಲ ದಿನ ಕಟ್ಟೆಯ ಮೇಲೆ ಅಪ್ಪನ ಜೊತೆ ಅವರ ಹಳೆಯ ಗೆಳೆಯ ಶಿಗ್ಲಿಯ ಸಂಗಪ್ಪನವರು ಕುಳಿತಿದ್ದರು. ನನ್ನನ್ನು ನೋಡಿ ಅವರಿಗೆ ಹಳೆಯದೆಲ್ಲ ನೆನಪಾಯಿತು. "ಆ ತುಳಸಾಬಾಯಿ ಅಷ್ಟು ದೂರ ಯಾಕ ಹೋದ್ರಪಾ? ಅತ್ತಿಗಿ ಕಾಟ ಅಂತಾರಲ್ಲ, ಖರೆ ಏನು?"

ಅಪ್ಪ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗುಳಿ ಬಂದು ಕುಳಿತರು.

"ಸುಳ್ಳು," ಎಂದರು. "ನಾ ಓಡಿಸಿದ್ದು."