ಮುಂದೆ ಹೋದ ಪಂಪು

ಮೊನ್ನೆ ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಮೆಲ್ಕಾರಿನ ಸೈಕಲ್ ಅಂಗಡಿಯ ಎದುರು ಮೂವರಿದ್ದೆವು: ಅಂಗಡಿಯವ, ಮೊಮ್ಮಗಳು, ನಾನು. ಅವಳ ಸೈಕಲ್ಲಿನ ಟ್ಯೂಬಿಗೆ ಅಂಗಡಿಯವ ಸೊಲ್ಯೂಷನ್ ಹಚ್ಚಿದ. ಆ ವಾಸನೆ ನಿಮಗೂ ಗೊತ್ತಿರಬಹುದು, ಮೂಗಿನಿಂದ ನೇರ ನೆತ್ತಿಗೆ ಏರುತ್ತದೆ. ಅದು ಬಂತೆಂದರೆ ನನಗೆ ಒಂದು ಕತೆ ಹೇಳುವ ಅಭ್ಯಾಸ.

"ಮೂಡುಬಿದಿರೆ ಕತೆಯಾ ಅಜ್ಜ?" ಎಂದಳು ಮೊಮ್ಮಗಳು, ನಾನು ಬಾಯಿ ತೆರೆಯುವ ಮೊದಲೇ.

ಅದು ನನ್ನ ಸಮಯಪಾಲನೆಯ ಪಾಠ. ಶಾಲೆಯಲ್ಲಿ ಪ್ರತಿ ಜೂನಿನಲ್ಲೂ ಹೇಳುತ್ತಿದ್ದೆ. ಆರು ಮಂದಿ ಸೈಕಲ್ ಪ್ರವಾಸ ಹೋದರು, ಐವರು ಸಮಯಕ್ಕೆ ತಲುಪಿ ಉಂಡರು, ತಡಮಾಡಿದ ಒಬ್ಬನಿಗೆ ಊಟ ತಪ್ಪಿತು. ಇಷ್ಟೇ. ಮಕ್ಕಳು ಬೇಗ ಬಾಯಿಪಾಠ ಮಾಡುತ್ತಿದ್ದರು.

ಅರವತ್ತರ ದಶಕದ ಆರಂಭ. ನಾವು ಆರೂ ಮಂದಿ ಬಂಟ್ವಾಳದ ಕಡೆಯ ಎಳೆ ಮಾಸ್ತರರು. ವೇಳಾಪಟ್ಟಿ ಬರೆದವನು ನಾನು, ಆದ್ದರಿಂದ ಮುಖಂಡನೂ ನಾನು. ನನಗೆ ಸೀನು ಬರುವುದೂ ಗಂಟೆ ಹೊಡೆದ ಮೇಲೆಯೇ ಎಂದು ಮುಂದಿನ ವರ್ಷಗಳಲ್ಲಿ ಹೆಂಡತಿ ಹೇಳುತ್ತಿದ್ದಳು. ಆಗ ಮದುವೆಯಾಗಿರಲಿಲ್ಲ, ಹೇಳುವವರಿರಲಿಲ್ಲ. ನಾನೇ ಮಾಡಿದ ನಿಯಮಗಳಲ್ಲಿ ಒಂದು, ಪಂಪು ಮತ್ತು ಪಂಕ್ಚರ್ ಡಬ್ಬಿ ಯಾವಾಗಲೂ ಕೊನೆಯವನ ಹತ್ತಿರ ಇರಬೇಕು. ಇನ್ನೊಂದು, ಯಾರಾದರೂ ನಿಂತರೆ ಮೂರು ಸಲ ಬೆಲ್ ಹೊಡೆಯಬೇಕು. ಕೇಳಿದವರೆಲ್ಲ ನಿಲ್ಲಬೇಕು.

ಮೂರನೆಯ ದಿನ ಧರ್ಮಸ್ಥಳದಲ್ಲಿ ಮಧ್ಯಾಹ್ನ ಉಂಡು ಹೊರಟೆವು. ರಾತ್ರಿಗೆ ಮೂಡುಬಿದಿರೆ, ನಮ್ಮಲ್ಲೊಬ್ಬನ ಅತ್ತೆಯ ಮನೆ. ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಅಲ್ಲಿ ಊಟವಿಲ್ಲ. ಆರು ಗಂಟೆಯ ಒಳಗೆ ಆರು ಮಂದಿ ಬರುತ್ತೇವೆಂದು ನಾನೇ ಕಾರ್ಡು ಬರೆದಿದ್ದೆ. ಬೆಳ್ತಂಗಡಿ ದಾಟುವಾಗಲೇ ಅರ್ಧ ಗಂಟೆ ಹಿಂದೆ ಬಿದ್ದಿದ್ದೆವು. ಬಿಸಿಲು, ಜಲ್ಲಿ ಎದ್ದ ರಸ್ತೆ. ಮುಂದಿನವರ ಚಕ್ರಕ್ಕೆ ಎರಡು ಸಲ ಗಾಳಿ ಬೇಕಾಯಿತು, ಎರಡು ಸಲವೂ ಪಂಪು ಇಟ್ಟುಕೊಂಡ ಸಂಜೀವನನ್ನು ಕಾಯಬೇಕಾಯಿತು. ಅವನದು ಬಾಡಿಗೆ ಸೈಕಲ್ಲು, ಕಲ್ಲಿನಂಥ ಭಾರ.

ವೇಣೂರಿನಲ್ಲಿ ನಾನು ಪಂಪು ಮತ್ತು ಡಬ್ಬಿಯನ್ನು ಅವನಿಂದ ತೆಗೆದು ನನ್ನ ಕ್ಯಾರಿಯರಿಗೆ ಕಟ್ಟಿದೆ.

"ಹಿಂದೆಯೇ ಇರಲಿ ಮಾಸ್ಟ್ರೆ," ಎಂದ ಸಂಜೀವ. "ನೀವೇ ಮಾಡಿದ ಕ್ರಮ ಅಲ್ವಾ?"

"ಕ್ರಮ ಇರುವುದು ಸಮಯಕ್ಕೆ ಬರುವವರಿಗೆ," ಎಂದೆ.

"ಪಂಪಿನ ಭಾರವೂ ಇಳಿಯಿತು ಮಾರಾಯ, ಇನ್ನು ಹಾರಿಕೊಂಡು ಬಾ," ಎಂದ ಒಬ್ಬ. ಎಲ್ಲರೂ ನಕ್ಕರು, ಸಂಜೀವನೂ.

ಎರಡು ಮೈಲು ಹೋಗಿರಬಹುದು. ಹಿಂದಿನ ತಿರುವಿನಿಂದ ಬೆಲ್ ಕೇಳಿಸಿತು. ಸ್ವಲ್ಪ ಬಿಟ್ಟು ಮತ್ತೆರಡು ಸಲ.

"ಸಂಜೀವನ ಬೆಲ್ ಅಲ್ವಾ?" ಎಂದ ನನ್ನ ಹಿಂದಿದ್ದವನು.

ನಾನು ಗಡಿಯಾರ ನೋಡಿದೆ. "ದನ ಅಡ್ಡ ಬಂದಿರಬೇಕು, ಬಾ," ಎಂದೆ. ದನವಲ್ಲವೆಂದು ನನಗೆ ಗೊತ್ತಿತ್ತು. ಮೂರು ಎಣಿಸಿದ್ದೆ.

ಆರಕ್ಕೆ ಐದು ನಿಮಿಷ ಇರುವಾಗ ತಲುಪಿದೆವು. ಆ ಮನೆಯ ಅಮ್ಮ ಆರು ಎಲೆ ಹಾಕಿಟ್ಟಿದ್ದರು. "ಇನ್ನೊಬ್ಬರು?" ಎಂದು ಕೇಳಿದರು. ಹಿಂದೆ ಇದ್ದಾನೆ ಎಂದರೆ ಅವರು ಬಡಿಸದೆ ಕಾಯುತ್ತಿದ್ದರು, ಇಲ್ಲವೇ ನನ್ನನ್ನೇ ಹಿಂದಕ್ಕೆ ಕಳಿಸುತ್ತಿದ್ದರು.

"ಅವರು ಬೆಳ್ತಂಗಡಿಯಲ್ಲೇ ಉಳಿದರು," ಎಂದೆ. "ಬರುವುದಿಲ್ಲ."

ಉಳಿದ ನಾಲ್ವರು ಎಲೆ ನೋಡುತ್ತ ಕುಳಿತರು. ಅವನ ಎಲೆಯನ್ನು ಅಮ್ಮ ಮಡಚಿ ತೆಗೆದರು. ನಾನು ಎರಡು ಸಲ ಬಡಿಸಿಕೊಂಡು ಉಂಡೆ.

ಎಂಟರ ಹೊತ್ತಿಗೆ ಸಂಜೀವ ಬಂದ, ಪಂಕ್ಚರಾದ ಸೈಕಲ್ಲು ನೂಕಿಕೊಂಡು. ಹತ್ತು ಮೈಲು ನಡೆದಿದ್ದ. ಅಮ್ಮ ಲಾಟೀನು ಎತ್ತಿ ನೋಡಿ, "ನೀವು ಬೆಳ್ತಂಗಡಿಯಲ್ಲಿ ಉಳಿದಿರಿ ಅಂತ ಹೇಳಿದ್ರಲ್ಲ ಇವರು?" ಎಂದರು.

ಅವನು ನನ್ನನ್ನು ನೋಡಿದ. ಈಗ ಹೇಳುತ್ತಾನೆ ಎಂದುಕೊಂಡೆ.

"ಹೌದಮ್ಮ, ಉಳಿಯುವ ಅಂತಲೇ ಇದ್ದೆ," ಎಂದ. "ಮತ್ತೆ ಮನಸ್ಸಾಗಲಿಲ್ಲ."

"ಒಲೆ ಆರಿಸಿ ಆಯ್ತು ಮಗಾ. ನಮ್ಮಲ್ಲಿ ಇನ್ನು ಹಚ್ಚುವ ಕ್ರಮ ಇಲ್ಲ," ಎಂದು ಅಮ್ಮ ಸಂಕಟಪಟ್ಟುಕೊಂಡು ನಿಂತರು.

"ಬೇಡಮ್ಮ, ಬಾವಿ ಎಲ್ಲಿ ಉಂಟು ಹೇಳಿ, ಸಾಕು."

ಎಂಟೂವರೆಗೆ ಮಲಗುವುದು ಎಂದು ವೇಳಾಪಟ್ಟಿಯಲ್ಲಿತ್ತು. ನಾನು ಮಲಗಿದೆ.

ಮುಂದೆ ಹನ್ನೊಂದು ವರ್ಷ ಒಂದೇ ಶಾಲೆಯಲ್ಲಿ ಇದ್ದೆವು. ಅವನು ಒಮ್ಮೆಯೂ ಆ ಮಾತು ಎತ್ತಲಿಲ್ಲ. ನಾನು ಪ್ರತಿ ಜೂನಿನಲ್ಲೂ ಎತ್ತಿದೆ. ಹೆಸರು ಹೇಳುತ್ತಿರಲಿಲ್ಲ, ಆದರೆ ತಡಮಾಡಿದವರು ಯಾರೆಂದು ಶಾಲೆಗೆಲ್ಲ ಗೊತ್ತಿತ್ತು. ಒಂದು ವರ್ಷ ಸಂಜೀವನ ಮಗಳೇ ನನ್ನ ತರಗತಿಯಲ್ಲಿದ್ದಳು. ಎಲ್ಲರ ಜೊತೆ ಅವಳೂ ಆ ಕತೆಯನ್ನು ಎದ್ದು ನಿಂತು ಒಪ್ಪಿಸಿದಳು, ತಪ್ಪಿಲ್ಲದೆ. ಭೇಷ್ ಎಂದಿದ್ದೆ.

ಮೊನ್ನೆ ಅಂಗಡಿಯ ಎದುರು ಮೊಮ್ಮಗಳು ಕತೆಯನ್ನು ತಾನೇ ಮುಗಿಸಿ, "ಮತ್ತೆ ಊಟ ತಪ್ಪಿದ ಆ ಅಜ್ಜ ಏನು ತಿಂದ್ರು?" ಎಂದು ಕೇಳಿದಳು.

"ಗೊತ್ತಿಲ್ಲ," ಎಂದೆ.

"ನೀವು ಕೇಳ್ಲಿಲ್ವಾ?"

ಕೇಳಿರಲಿಲ್ಲ. ಆ ರಾತ್ರಿಯೂ ಇಲ್ಲ, ಹನ್ನೊಂದು ವರ್ಷದಲ್ಲೂ ಇಲ್ಲ. ಈಗ ಕೇಳಲು ಸಂಜೀವ ಇಲ್ಲ.

ಅವನ ಮಗಳು ಬೆಳ್ತಂಗಡಿಯಲ್ಲಿ ಟೀಚರು. ಮನೆಗೆ ಬಂದವನೇ ಅವಳಿಗೆ ಕಾಗದ ಬರೆಯಲು ಕುಳಿತೆ. ಹನ್ನೆರಡೂವರೆಗೆ ಸೊಸೆ ಊಟಕ್ಕೆ ಕರೆದಳು, ನಾನು ಏಳದಿದ್ದಾಗ ಬಾಗಿಲಿಗೆ ಬಂದು ನೋಡಿ ಹೋದಳು. ಮೂರು ಹಾಳೆ ಹರಿದೆ. ಎಲ್ಲದರಲ್ಲೂ ಬಿಸಿಲು, ರಸ್ತೆ, ಗಡಿಯಾರ ಮೊದಲು ಬರುತ್ತಿದ್ದವು. ನಾಲ್ಕನೆಯದರಲ್ಲಿ ಮೊದಲ ಸಾಲು ಹೀಗೆ ಬಂತು: "ನಿನ್ನ ಅಪ್ಪ ತಡಮಾಡಿದವನಲ್ಲ. ಅವನು ಬೆಲ್ ಹೊಡೆದದ್ದು ನನಗೆ ಕೇಳಿಸಿತ್ತು."

ಎರಡೂಕಾಲಿಗೆ ಲಕೋಟೆ ಅಂಟಿಸಿದೆ.