ಮೇಲಿನ ಮನೆಯ ಕಾಕೂ ಮತ್ತು ನಾಲ್ಕು ಗಂಟೆಯ ಸೀರಿಯಲ್ಲು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹೋದ ವಾರ ಕೊಂಢವಾದಲ್ಲಿರುವ ನಮ್ಮ ಕಟ್ಟಡದ ಲಿಫ್ಟಿನೊಳಗೆ ಯಾರದೋ ಮನೆಯಲ್ಲಿ ಅಗಸಿ ಹುರಿಯುವ ವಾಸನೆ ತುಂಬಿಕೊಂಡಿತ್ತು. ಅಗಸಿಯೋ, ಗುರೆಳ್ಳೋ... ಅಷ್ಟು ಖಚಿತವಾಗಿ ಹೇಳಲಾರೆ. ಖಡಕಿಯ ಕ್ವಾರ್ಟರ್ಸಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಕಾಕೂ ನೆನಪಾದರು. ನಾನು ಇಳಿಯಬೇಕಾದ ಮಹಡಿ ದಾಟಿ ಹೋಯಿತು.

ಕಾಕೂ ನಮಗೆ ಸಂಬಂಧಿಕರಲ್ಲ. ಅವರ ಯಜಮಾನರು ಮತ್ತು ನಮ್ಮಪ್ಪ ಒಂದೇ ಕಾರ್ಖಾನೆಯಲ್ಲಿದ್ದರು. ಆ ಕಟ್ಟಡದಲ್ಲಿ ಕನ್ನಡದ ಮನೆಗಳೆಂದರೆ ನಮ್ಮವೆರಡೇ. ಅವರಿಗೆ ಮಕ್ಕಳಿರಲಿಲ್ಲ. ನಾನಾಗ ಬಿ.ಎಸ್ಸಿ. ಎರಡನೆಯ ವರ್ಷ. ಮಧ್ಯಾಹ್ನ ನಾಲ್ಕಕ್ಕೆ, ಹಿಂದಿಗೆ ಡಬ್ ಆದ ಎರಡು ವಿದೇಶಿ ಸೀರಿಯಲ್ಲುಗಳು ಒಂದರ ಹಿಂದೊಂದು ಬರುತ್ತಿದ್ದವು. ಒಂದು ಗೂಢಚಾರರದು, ಇನ್ನೊಂದು ನಕ್ಷತ್ರಗಳ ನಡುವೆ ಅಲೆಯುವ ಹಡಗಿನದು. ಕಾಕೂ ಮೊದಲೇ ಅಗಸಿ ಹುರಿದಿಟ್ಟುಕೊಂಡು, ಕುಟ್ಟಲು ಕಲ್ಲಿನ ಖಲಬತ್ತನ್ನು ಮುಂದಿಟ್ಟುಕೊಂಡು ಟಿವಿ ಎದುರು ಕೂರುತ್ತಿದ್ದರು. ಜಾಹೀರಾತು ಬಂದಾಗಷ್ಟೇ ಕುಟ್ಟುವುದು. ಕಥೆ ನಡೆಯುವಾಗ ಸಪ್ಪಳ ಕೂಡದು. ಹಾಗಾಗಿ ಅವರ ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ, ಒಂದು ವಾರ ನುಣ್ಣಗೆ, ಒಂದು ವಾರ ತರಿತರಿ. ಎಲ್ಲ ಜಾಹೀರಾತಿನ ಮರ್ಜಿ.

ಅವರಷ್ಟು ಕಟುವಾದ ವಿಮರ್ಶಕರನ್ನು ನಾನು ಆಮೇಲೆ ಯೂನಿವರ್ಸಿಟಿಯಲ್ಲೂ ಕಾಣಲಿಲ್ಲ. ಗೂಢಚಾರ ಕಪ್ಪು ಕನ್ನಡಕ ಹಾಕಿಕೊಂಡು ಬಂದರೆ ಅವರಿಗೆ ರೇಗಿಹೋಗುತ್ತಿತ್ತು.

“ಕನ್ನಡಕ ಹಾಕ್ಕೊಂಡ್ರ ಯಾರೂ ಗುರ್ತ ಹಿಡೀದಿಲ್ಲೇನು? ನಮ್ಮ ಎದುರಿನ ಮನಿ ಆಜೀ ಹಿಡೀತಾಳ, ಬರೇ ಚಪ್ಪಲ್ ಸಪ್ಪಳಕ್ಕ!”

ಹಡಗಿನ ಕಥೆಯಲ್ಲಿ ಅವರ ತಕರಾರು ಬೇರೆ. “ಇಷ್ಟ ಮಂದಿ ಅದಾರ. ಭಾಂಡಿ ಯಾರ ತಿಕ್ಕತಾರ? ಒಬ್ಬಾಕೀನರ ತೋರಸ್ಯಾರೇನು?”

“ಮಷಿನ್ ಇರ್ತಾವರಿ ಕಾಕೂ.”

“ಆ ಮಷಿನ್ ಯಾರ ತೊಳೀತಾರ, ಶಾಣ್ಯಾಕಿ?”

ಅವರು ಮನಸಾರೆ ಮೆಚ್ಚಿದ್ದು ಒಬ್ಬನನ್ನೇ. ಗೂಢಚಾರರ ಮುಖ್ಯಸ್ಥ, ಬೋಳುತಲೆಯ ಮುದುಕ. ಅವನು ಒಬ್ಬನಿಗೆ ಹೇಳಿದ ಕೆಲಸ ಇನ್ನೊಬ್ಬನಿಗೆ ತಿಳಿಯದಂತೆ ನೋಡಿಕೊಳ್ಳುತ್ತಿದ್ದ. ತಾನೊಬ್ಬನೇ ಅಲ್ಲ, ಇನ್ನೊಬ್ಬನೂ ಇದ್ದಾನೆ ಎಂಬುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. “ಇದು ನೋಡು ತಲಿ ಅಂದ್ರ,” ಎನ್ನುತ್ತಿದ್ದರು ಕಾಕೂ. “ಒಬ್ಬಗ ಹೇಳಿದ್ದು ಒಬ್ಬಗ ಗೊತ್ತಾಗಬಾರದು.”

ಒಂದು ದಿನ ಹಡಗಿನ ಡಾಕ್ಟರು ರೋಗಿಯ ಮೇಲೆ ಅಂಗೈಯಷ್ಟು ದೊಡ್ಡ ಯಂತ್ರವೊಂದನ್ನು ಆಡಿಸಿ, ಒಳಗಿನ ಕಾಯಿಲೆಯನ್ನೆಲ್ಲ ಓದಿ ಹೇಳಿದ. ಜಾಹೀರಾತು ಬಂದರೂ ಕಾಕೂ ಕುಟ್ಟಲಿಲ್ಲ.

“ಅರಿವಿ ಬಿಚ್ಚೂದು ಬ್ಯಾಡೇನು ಅದಕ್ಕ?”

“ಬ್ಯಾಡ್ರಿ. ಮ್ಯಾಲಿಂದ ಹಿಡಿದ್ರ ಸಾಕು.”

“ಡಾಕ್ಟರ್ ಮುಟ್ಟೂದೂ ಇಲ್ಲ?”

“ಇಲ್ರಿ.”

“ಭಾಳ ಚೊಲೋ ಅದ ನೋಡು ಇದು. ನಮ್ಮ ಕಡೆ ಯಾವಾಗ ಬರ್ತದ?”

“ಇನ್ನೊಂದು ಮುನ್ನೂರು ವರ್ಷಕ್ಕ!” ಎಂದು ನಾನು ನಕ್ಕಿದ್ದೆ. ಅವರೂ ನಕ್ಕರೇ? ನಕ್ಕಿರಬೇಕು... ಅಥವಾ ಅವರೂ ನಕ್ಕರೆಂದು ನಾನು ಆಮೇಲೆ ಸೇರಿಸಿಕೊಂಡೆನೋ.

ಈ ಮಾತು ಮೊದಲು ನಡೆದದ್ದು, ಮುಂದೆ ಹೇಳುವುದು ಆಮೇಲಿನದು ಎಂದುಕೊಂಡಿದ್ದೇನೆ. ಹಿಂದುಮುಂದಾಗಿದ್ದರೂ ಆಗಿರಬಹುದು. ಅದಾದ ಕೆಲವು ವಾರಕ್ಕೆ ಒಂದು ಮಧ್ಯಾಹ್ನ, ಜಾಹೀರಾತು ಬಂದಾಗ ಕಾಕೂ ಖಲಬತ್ತನ್ನು ನನ್ನ ಕಡೆ ಸರಿಸಿದರು. “ಇವತ್ತ ನೀ ಕುಟ್ಟು.” ಅವರು ಯಾರಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಯಾಕೆಂದು ಕೇಳಿದೆ. ಬಲಗೈ ಮೇಲೆತ್ತಲು ಆಗುತ್ತಿಲ್ಲವೆಂದರು. ಆಮೇಲೆ, ಟಿವಿಯಿಂದ ಕಣ್ಣು ತೆಗೆಯದೆ, ಎದೆಯ ಪಕ್ಕದಲ್ಲಿ ಬಗಲಿನವರೆಗೆ ಗಂಟಾಗಿದೆ, ನೋವಿಲ್ಲ, ದೊಡ್ಡದಾಗುತ್ತಿದೆ ಎಂದು ಹೇಳಿದರು.

ದವಾಖಾನೆಗೆ ಹೋಗೋಣವೆಂದೆ. ನಾನು ಓದುತ್ತಿದ್ದದ್ದು ಜೀವಶಾಸ್ತ್ರ, ಅಷ್ಟು ತಿಳಿಯುತ್ತಿತ್ತು. ಅವರು ನನ್ನ ಕೈ ಹಿಡಿದು ತಮ್ಮ ತಲೆಯ ಮೇಲೆ ಇಟ್ಟುಕೊಂಡರು.

“ಇವರ ತಂಗಿ ಮಗಳ ಲಗ್ನ ಮುಗೀಲಿ. ನಮ್ಮ ಮನ್ಯಾಗಿಂದನ ಆಗಬೇಕು ಅದು. ಅಲ್ಲೀತನಾ ಯಾರ ಮುಂದೂ ಹೇಳಬ್ಯಾಡ. ನಿಮ್ಮವ್ವನ ಮುಂದಂತೂ ಹೇಳಲೇ ಬ್ಯಾಡ. ಆಣಿ ಮಾಡು.”

ತಲೆಯ ಮೇಲೆ ಕೈಯಿಟ್ಟು ಮಾಡಿದ ಆಣೆ ಮುರಿದರೆ ಆ ತಲೆಯವರೇ ಸಾಯುತ್ತಾರೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನಾನು ನಂಬುತ್ತಿರಲಿಲ್ಲ. ಆದರೂ ಆಣೆ ಮಾಡಿದೆ, ಐದು ತಿಂಗಳು ಅದನ್ನು ಉಳಿಸಿಕೊಂಡೆ. ಹೆದರಿಕೆಯಿಂದ ಮಾತ್ರ ಎಂದು ಬರೆದರೆ ಸುಳ್ಳಾಗುತ್ತದೆ. ಇಡೀ ಕಟ್ಟಡದಲ್ಲಿ ನನಗೊಬ್ಬಳಿಗೇ ಹೇಳಿದ್ದಾರೆ ಎಂಬ ಹೆಮ್ಮೆಯೂ ಇತ್ತು. ಅವ್ವನ ಎದುರು ಊಟಕ್ಕೆ ಕೂತಾಗ, ಮುಖದಲ್ಲಿ ಏನೂ ತೋರಗೊಡದೆ ಇರುವ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ಲಗ್ನ ಚೆನ್ನಾಗಿಯೇ ಆಯಿತು. ಕಾಕೂ ಇಳಕಲ್ ಸೀರೆ ಉಟ್ಟು ಎಲ್ಲರಿಗೂ ಎಡಗೈಯಿಂದ ಆರತಿ ತಟ್ಟೆ ದಾಟಿಸುತ್ತಿದ್ದದ್ದಕ್ಕೆ ಯಾರೋ ಹಿರಿಯರು ಗದರಿದರು. ನಾನು ಅಲ್ಲೇ ನಿಂತಿದ್ದೆ. ಮರುವಾರ ದವಾಖಾನೆಗೆ ಹೋದರು. ಡಾಕ್ಟರು ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರಂತೆ. ಆ ವರ್ಷ ತುಂಬುವುದರೊಳಗೆ ಕಾಕೂ ತೀರಿಕೊಂಡರು. ಅವರ ಯಜಮಾನರು ಕ್ವಾರ್ಟರ್ಸ್ ಬಿಟ್ಟು ತಳೇಗಾಂವಕ್ಕೆ ಹೋದರು, ಆಮೇಲೆ ಸುದ್ದಿಯಿಲ್ಲ. ಐದು ತಿಂಗಳು ಮೊದಲೇ ಹೋಗಿದ್ದರೆ ಬದುಕುತ್ತಿದ್ದರೇ? ಗೊತ್ತಿಲ್ಲ. ಬದುಕಿರುತ್ತಿದ್ದರು ಎಂದುಕೊಂಡರೂ, ಇಲ್ಲ ಎಂದುಕೊಂಡರೂ ನನಗೆ ಸಮಾಧಾನವಿಲ್ಲ.

ಲಿಫ್ಟಿನ ಆ ದಿನ ಸಂಜೆ ಅವ್ವನ ಮುಂದೆ ಕಾಕೂ ಮಾತು ತೆಗೆದೆ. ಅವ್ವ ಈಗ ನನ್ನ ಜೊತೆಗೇ ಇರುತ್ತಾಳೆ. ಆಗೆಲ್ಲ ಕಟ್ಟಡದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದವಳು, ಈಗ ಕಣ್ಣು ಸಾಲದು. ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದಳು.

“ಲಗ್ನಕ್ಕ ಆಕಿ ಕುಬಸ ನಾನೇ ಹೊಲಿದಿದ್ದೆ,” ಎಂದಳು. “ಬಲಗಡೆ ಬಗಲು ಎರಡ ಸಲ ಹೊಲಿಗಿ ಉಚ್ಚಿ ಸಡಲ ಮಾಡಿದೆ. ಒಂದ ಕಡೆ ಅಷ್ಟ. ಪಾಪ.”

ಆ ರವಿಕೆ ಹೊಲಿದದ್ದು ಲಗ್ನಕ್ಕೆ ಮೊದಲು. ಒಂದೇ ಕಡೆ ಸಡಿಲ ಮಾಡುವವಳು ಯಾಕೆಂದು ಕೇಳದೇ ಇದ್ದಿರುತ್ತಾಳೆಯೇ? ಅಥವಾ ಸುಮ್ಮನೆ ಬಿಗಿಯಾಗಿತ್ತು, ಬಿಚ್ಚಿದಳು, ಅಷ್ಟೇ ಇದ್ದೀತು. ಉಳಿದದ್ದನ್ನು ನಾನು ಈಗ ಹೊಲಿಯುತ್ತಿರಬಹುದು. ಆದರೆ ಅವಳಿಗೂ ಗೊತ್ತಿದ್ದರೆ, ಒಂದೇ ಮನೆಯಲ್ಲಿ ಒಂದೇ ತಾಟಿನಿಂದ ರೊಟ್ಟಿ ತೆಗೆದುಕೊಳ್ಳುತ್ತ ನಾವಿಬ್ಬರೂ ಒಬ್ಬರಿಂದೊಬ್ಬರು ಐದು ತಿಂಗಳು ಮುಚ್ಚಿಟ್ಟೆವು. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೆ, ಇನ್ನೊಬ್ಬರು ಚಪ್ಪಲಿ ಮೆಟ್ಟಿಕೊಂಡು ಮೇಲೆ ಹೋಗಿ ಕಾಕೂನ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದರು.

ನಾಲ್ಕು ದಿನವಾಯಿತು. ಅವ್ವ ಅಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಹಾಲು, ಗ್ಯಾಸು, ತನ್ನ ಮಂಡಿ ನೋವು ಎಲ್ಲವನ್ನೂ ಮಾತಾಡಿದ್ದಾಳೆ, ಅದೊಂದನ್ನು ಬಿಟ್ಟು. ಅಂದು ಅವಳು ಎದ್ದು ಹೋಗುವ ಮೊದಲು ನಾನು ಕೇಳಿದ್ದು ಇಷ್ಟೇ:

“ಅವ್ವಾ, ಕಾಕೂ ನಿನ್ನ ಕೈನೂ ತಮ್ಮ ತಲಿ ಮ್ಯಾಲೆ ಇಟ್ಟುಕೊಂಡಿದ್ರೇನು?”